ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ: ಪೊಲೀಸ್ ಪಡೆಯ ವಾಡಿಕೆ ಖರೀದಿ ಹಿಡಿತಕ್ಕೆ ಬಂದ ಬಗೆ

ಎಲ್ಲ ಒಪ್ಪಂದಗಳನ್ನೂ ಬರೆದಿಡುವ ಒಂದೇ ಹಾಳೆಯ ವಹಿ ಇಟ್ಟುಕೊಂಡು ಇಡೀ ಪಡೆಯ ವಾಡಿಕೆ ಖರೀದಿಯನ್ನು ಹಿಡಿತಕ್ಕೆ ತರಬಹುದು ಎಂದಾಗ ಉಗ್ರಾಣದವರೂ ಒಪ್ಪಲಿಲ್ಲ, ಲೆಕ್ಕಪತ್ರ ಶಾಖೆಯವರೂ ಒಪ್ಪಲಿಲ್ಲ. ತಂತ್ರಾಂಶ ಬೇಕು, ಹೊಸ ಸಿಬ್ಬಂದಿ ಬೇಕು ಎಂದರು. ಮೂರು ಆರ್ಥಿಕ ವರ್ಷ ಕಳೆದಿವೆ. ಮೊದಲು ಒಟ್ಟು ಖರ್ಚಿನ ಸುಮಾರು ಮೂರನೇ ಒಂದು ಪಾಲು ತುರ್ತು ಖರೀದಿಯಲ್ಲೇ ಹೋಗುತ್ತಿತ್ತು. ಈಗ ನನ್ನ ನೆನಪಿನ ಲೆಕ್ಕದಲ್ಲಿ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಸಮವಸ್ತ್ರ, ಬೂಟು, ಟೈರು, ವೈರ್‌ಲೆಸ್ ಸೆಟ್ಟಿನ ಬ್ಯಾಟರಿ, ಸಾಕ್ಷ್ಯ ಕವರು, ವಾಹನ ಸರ್ವೀಸು, ಠಾಣೆಯ ಸ್ವಚ್ಛತೆ ಇಷ್ಟರ ಮಾತು ಇದು. ಶಸ್ತ್ರಾಸ್ತ್ರ ಖರೀದಿಯ ದಾರಿಯೇ ಬೇರೆ.

ವಹಿಯಲ್ಲಿ ಮುಖ್ಯ ಕಾಲಂ ಒಪ್ಪಂದ ಮುಗಿಯುವ ದಿನದ್ದಲ್ಲ, ಮುಂದಿನ ಒಪ್ಪಂದದ ಕಡತ ತೆರೆಯಬೇಕಾದ ದಿನದ್ದು. ಮೊದಲ ವರ್ಷ ಎಲ್ಲಕ್ಕೂ ಒಂದೇ ಅಳತೆಯಲ್ಲಿ 90 ದಿನ ಇಟ್ಟೆವು. ಪೂರ್ತಿ ಕೆಟ್ಟಿತು. ಬೂಟನ್ನೇ ನೋಡಿ: ಠಾಣೆಗಳಿಂದ ಅಳತೆ ತರಿಸಲು 30 ದಿನ, ತಾಂತ್ರಿಕ ವಿವರಣೆ ಬರೆಯಲು 20, ಟೆಂಡರ್ ತೆರೆದಿಡಲು 30, ಮಾದರಿ ಪರೀಕ್ಷೆಗೆ 45, ಮೇಲಿನ ಒಪ್ಪಿಗೆಗೆ 30, ತಯಾರಿ ಮತ್ತು ಪೂರೈಕೆಗೆ 90. ಒಟ್ಟು 245. ಒಂದೇ ಬಿಡ್ ಬಂದು ಮರುಟೆಂಡರ್ ಕರೆಯಬೇಕಾದರೆ ಎಂದು ಇನ್ನೂ 45 ಸೇರಿಸಿ 290ಕ್ಕೆ ನಿಲ್ಲಿಸಿದೆವು. ಸ್ವಚ್ಛತೆಗೆ 150 ಸಾಕು. ಪ್ರತಿ ಬಾಬಿಗೂ ಅದರದೇ ಎಣಿಕೆ ಬೇಕು.

ಇನ್ನೊಂದು ತೊಡಕು, ನಲವತ್ತರಷ್ಟು ಒಪ್ಪಂದಗಳೆಲ್ಲ ಆರ್ಥಿಕ ವರ್ಷದ ಕೊನೆಯ ದಿನವೇ ಮುಗಿಯುತ್ತಿದ್ದವು. ಕಡಿಮೆ ಮೊತ್ತದವುಗಳಿಗೆ ಒಂದೇ ಸಲ ಎರಡರಿಂದ ಐದು ತಿಂಗಳ ವಿಸ್ತರಣೆ ಕೊಟ್ಟು ವರ್ಷದುದ್ದಕ್ಕೂ ಹರಡಿದೆವು. ಪ್ರತಿ ಕಡತದಲ್ಲೂ ಕಾರಣ ಬರೆದು, ಎರಡನೇ ವಿಸ್ತರಣೆ ಇಲ್ಲ ಎಂದು ಅಲ್ಲೇ ನಮೂದಿಸಿದ್ದರಿಂದ ಆಡಿಟ್‌ನಲ್ಲಿ ಆಕ್ಷೇಪಣೆ ಬರಲಿಲ್ಲ.

ದುಡ್ಡು ಹೆಚ್ಚು ಸೋರುತ್ತಿದ್ದುದು ವಾಹನ ಸರ್ವೀಸಿನಲ್ಲಿ. ದರಪಟ್ಟಿಯಲ್ಲಿ ಅರವತ್ತು ಬಾಬು. ಅಂದಾಜು ಪ್ರಮಾಣವನ್ನು ನಾವೇ ಕಣ್ಣಂದಾಜಿನಲ್ಲಿ ಹಾಕಿದ್ದೆವು. ಅನುಭವಿ ಗುತ್ತಿಗೆದಾರ ಅದನ್ನು ಓದುವುದೇ ಬೇರೆ ಥರ: ಪಟ್ಟಿಯಲ್ಲಿ ಹೆಚ್ಚು ಬರೆದು, ನಿಜಕ್ಕೆ ಕಡಿಮೆ ಬದಲಾಗುವ ಭಾಗಕ್ಕೆ ಪುಡಿಗಾಸಿನ ದರ, ಪಟ್ಟಿಯಲ್ಲಿ ಕಡಿಮೆ ಬರೆದು, ನಿಜಕ್ಕೆ ವಾರವಾರ ಬದಲಾಗುವ ಬ್ರೇಕ್ ಪ್ಯಾಡಿಗೆ ದುಬಾರಿ ದರ. ಒಟ್ಟು ಮೊತ್ತದಲ್ಲಿ ಅವನೇ ಕಡಿಮೆ, ವರ್ಷದ ಬಿಲ್ಲಿನಲ್ಲಿ ಅವನೇ ಜಾಸ್ತಿ. ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಕೂತು ಎಣಿಸಿ, ನಿಜಕ್ಕೂ ಎಷ್ಟು ಬದಲಾಗಿತ್ತೋ ಅಷ್ಟನ್ನೇ ಪ್ರಮಾಣವಾಗಿ ಹಾಕಿದ ಮೇಲೆ ಈ ಆಟ ನಿಂತಿತು. ಆಗ ಸೋರಿಕೆ ‘ಇತರೆ’ ಎಂಬ ಸಾಲಿಗೆ ನುಗ್ಗಿತು. ಅದಕ್ಕೂ ಬೇಲಿ ಹಾಕಿದೆವು: ಪಟ್ಟಿಯಲ್ಲಿಲ್ಲದ ಭಾಗಕ್ಕೆ ತಯಾರಕರ ಮುದ್ರಿತ ದರದಲ್ಲಿ ನಿಗದಿತ ರಿಯಾಯಿತಿ, ಯಾವ ಬಿಲ್ಲಿನಲ್ಲೂ ‘ಇತರೆ’ ನೂರಕ್ಕೆ 10 ಮೀರಿದರೆ ಮೊದಲೇ ಲಿಖಿತ ಒಪ್ಪಿಗೆ. ಬದಲಿಸಿದ ಹಳೆಯ ಭಾಗ ವಾಹನದ ನಂಬರಿನ ಚೀಟಿಯೊಂದಿಗೆ ಉಗ್ರಾಣಕ್ಕೆ ಬರಬೇಕು. ಬಾರದಿದ್ದರೆ ಆ ಸಾಲಿನ ದುಡ್ಡು ಇಲ್ಲ.

ವಿಳಂಬ ದಂಡವನ್ನು ವಾರಕ್ಕೆ ನೂರಕ್ಕೆ ಅರ್ಧ, ಗರಿಷ್ಠ 10 ಎಂದು ಬರೆದಿದ್ದರೂ ಮೊದಲೆರಡು ಸಲ ವಸೂಲಿ ಆಗಲಿಲ್ಲ. ಎಣಿಕೆ ಆದೇಶದ ದಿನದಿಂದ ಶುರುವಾಗುತ್ತಿತ್ತು, ಮಾದರಿಗೆ ಒಪ್ಪಿಗೆ ಕೊಡುವುದನ್ನು ತಡಮಾಡಿದ್ದು ನಾವೇ. ಈಗ ಎಣಿಕೆ ಮಾದರಿಗೆ ಒಪ್ಪಿಗೆಯ ಮೊಹರು ಬಿದ್ದ ದಿನದಿಂದ. ಮಾದರಿ ಬಂದು 10 ದಿನದೊಳಗೆ ನಮ್ಮ ಉತ್ತರ ಹೋಗಲೇಬೇಕು.

ಪರಿಶೀಲನೆಗೆ ದುಬಾರಿ ಉಪಕರಣ ಬೇಕಿಲ್ಲ. ಬಟ್ಟೆಗೆ 100 ಚದರ ಸೆಂಟಿಮೀಟರಿನ ದುಂಡು ಕಟರ್, ಒಂದು ಚಿಕ್ಕ ತಕ್ಕಡಿ; ಕತ್ತರಿಸಿದ ತುಂಡಿನ ಗ್ರಾಂ ಲೆಕ್ಕವನ್ನು ನೂರರಿಂದ ಗುಣಿಸಿದರೆ ಚದರ ಮೀಟರಿನ ತೂಕ, ಅಂದರೆ ಜಿಎಸ್‌ಎಂ. ಬಣ್ಣಕ್ಕೆ ಎಷ್ಟು ಮಾಸಿತು ಎಂದು 1ರಿಂದ 5ರವರೆಗೆ ಅಳೆಯುವ ಬೂದು ಅಳತೆಪಟ್ಟಿ (5 ಎಂದರೆ ಮಾಸಿಲ್ಲ), ಒಗೆದ ಮೇಲೆ 4ಕ್ಕಿಂತ ಕೆಳಗಿದ್ದರೆ ವಾಪಸು. 501ರಿಂದ 1200 ನಗಗಳ ಲಾಟಿಗೆ, ಅಂದರೆ ಒಟ್ಟಿಗೆ ಬಂದ ಸರಕಿಗೆ, ಐಎಸ್‌ಒ 2859-1 ಎಂಬ ಮಾದರಿ ತಪಾಸಣೆ ಮಾನದಂಡದ ಸಾಮಾನ್ಯ ಮಟ್ಟ IIರಂತೆ 80 ನಗ ಪರೀಕ್ಷೆಗೆ. ಎಕ್ಯೂಎಲ್ (ನೂರಕ್ಕೆ ಎಷ್ಟು ದೋಷ ಒಪ್ಪಬಹುದು ಎಂಬ ಮಟ್ಟ) 2.5 ಇಟ್ಟುಕೊಂಡರೆ ಐದು ದೋಷದವರೆಗೆ ಒಪ್ಪಿಗೆ, ಆರಾದರೆ ಇಡೀ ಲಾಟು ಹಿಂದಕ್ಕೆ. ಆ 80ನ್ನು ಯಾವ ಪೆಟ್ಟಿಗೆಗಳಿಂದ, ಯಾವ ಕ್ರಮದಲ್ಲಿ ಎತ್ತುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಪೂರೈಕೆದಾರರೂ ಓದುತ್ತಾರೆ.

ಸಾಕ್ಷ್ಯ ಕವರಿನ ಸೀಲನ್ನು ಮಾತ್ರ ಎಲ್ಲರೂ ಪರೀಕ್ಷಿಸಿ. ಮೇಜಿನ ಮೇಲೆ ಅಂಟುಪಟ್ಟಿ ಕಿತ್ತರೆ ಕವರು ತೆರೆದದ್ದನ್ನು ತೋರಿಸಲೆಂದು ಅಡಿಯಲ್ಲಿ ಅಡಗಿಸಿದ್ದ ಅಕ್ಷರ ಚೆನ್ನಾಗಿಯೇ ಮೂಡುತ್ತದೆ. ಅದೇ ಕವರನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಅಂಚಿನಿಂದ ನಿಧಾನ ಎಳೆಯಿರಿ. ಕಳಪೆ ಅಂಟು ಚಳಿಗೆ ಗಡುಸಾಗಿ, ಗುರುತೇ ಬಿಡದೆ ಸಿಪ್ಪೆಯಂತೆ ಎದ್ದುಬರುತ್ತದೆ. ಮತ್ತೆ ಒತ್ತಿದರೆ ಕೂತುಬಿಡುತ್ತದೆ. ನಾವು ತಿರಸ್ಕರಿಸಿದ ಎರಡು ಲಾಟೂ ಮೇಜಿನ ಪರೀಕ್ಷೆಯಲ್ಲಿ ಪಾಸಾಗಿದ್ದವು.

ಪಕ್ಕದ ಪ್ರಯೋಗ ಒಂದು. ವೈರ್‌ಲೆಸ್ ಬ್ಯಾಟರಿಗಳನ್ನು ಎರಡು ವರ್ಷಕ್ಕೊಮ್ಮೆ ಸಾರಾಸಗಟಾಗಿ ಬದಲಿಸುವುದು ವಾಡಿಕೆಯಾಗಿತ್ತು. ಪ್ರತಿಯೊಂದಕ್ಕೂ ಬಂದ ತಿಂಗಳ ಚೀಟಿ ಅಂಟಿಸಿ, ಆರು ತಿಂಗಳಿಗೊಮ್ಮೆ ಸಾಮರ್ಥ್ಯ ಅಳೆಯುವ ಅನಲೈಸರಿಗೆ ಹಾಕಿ, ನಮೂದಿತ ಸಾಮರ್ಥ್ಯದ ನೂರಕ್ಕೆ 80ಕ್ಕಿಂತ ಇಳಿದವನ್ನಷ್ಟೇ ತೆಗೆದೆವು. ಅರ್ಧದಷ್ಟು ಬ್ಯಾಟರಿ ಮೂರನೇ ವರ್ಷವೂ ನಡೆದವು. ಇದೇ ಉಮೇದಿನಲ್ಲಿ ಪೆಪ್ಪರ್ ಸ್ಪ್ರೇಯನ್ನು ಒಟ್ಟಿಗೆ ತರಿಸಿ ದರ ಇಳಿಸಲು ಹೋಗಿ ಕೈಸುಟ್ಟುಕೊಂಡೆವು. ಹಂಚಿಕೆಯಾಗುವ ಮೊದಲೇ ಕಾಲು ಭಾಗದ ಅವಧಿ ಮೀರಿತು, ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಈಗ ದರ ವರ್ಷಕ್ಕೊಂದೇ, ಪೂರೈಕೆ ನಾಲ್ಕು ಕಂತು. ಟೈರಿಗೂ ಹಾಗೇ: ಪಕ್ಕದ ಗೋಡೆಯ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ, ತಯಾರಾಗಿ 26 ವಾರ ಮೀರಿದ್ದರೆ ಲಾರಿಯಿಂದ ಇಳಿಸುವುದೇ ಇಲ್ಲ.

ಬಿಲ್ಲಿಗೆ ಆದೇಶ, ದಾಸ್ತಾನು ಪುಸ್ತಕದ ಪುಟ, ಠಾಣೆಯ ರುಜು ಮೂರೂ ತಾಳೆಯಾಗಬೇಕು. ಇದು ಎಲ್ಲರಿಗೂ ಗೊತ್ತು. ಕೆಡುವುದು ಮೂರನೆಯದು. ‘ಕೆಲಸ ತೃಪ್ತಿಕರವೇ?’ ಎಂದು ಕೇಳಿದರೆ ಎಲ್ಲ ಠಾಣೆಗಳಿಂದಲೂ ‘ಹೌದು’ ಎಂದೇ ಬರುತ್ತಿತ್ತು. ನಮೂನೆ ಬದಲಿಸಿ ‘ಈ ತಿಂಗಳು ಸ್ವಚ್ಛತೆಯವರು ಎಷ್ಟು ದಿನ ಬರಲಿಲ್ಲ?’ ಎಂದು ಅಂಕಿ ಕೇಳಿದೆವು. ಮೊದಲ ತಿಂಗಳೇ ಮೂರನೇ ಒಂದರಷ್ಟು ಠಾಣೆಗಳು ಸೊನ್ನೆಯಲ್ಲದ ಅಂಕಿ ಬರೆದು ಕಳಿಸಿದವು, ಆ ದಿನಗಳ ಹಣ ಅದೇ ಬಿಲ್ಲಿನಲ್ಲಿ ಕಡಿತವಾಯಿತು.