ಖಗ್ರಾಸದ ನಾಲ್ಕು ನಿಮಿಷ: ಕಾರ್ಬನ್‌ಡೇಲ್‌ನಲ್ಲಿ ನನ್ನ ಅನುಭವ

2024ರ ಏಪ್ರಿಲ್ 8ರ ಸೂರ್ಯಗ್ರಹಣ ಶಿಕಾಗೋದಲ್ಲಿ ಶೇಕಡಾ 94ರಷ್ಟು ಕಾಣುವುದಿತ್ತು. ಮನೆ ಅಂಗಳದಿಂದಲೇ ನೋಡಬಹುದಲ್ವಾ, ಅಷ್ಟು ದೂರ ಯಾಕೆ ಹೋಗಬೇಕು ಅಂತ ಗೆಳೆಯರು ಕೇಳಿದರು. ನಾನು ಹಟ ಹಿಡಿದು ಹೊರಟೆ. ಸೂರ್ಯನ ಸುತ್ತಲಿನ ಕರೋನಾ, ಅಂದರೆ ತೆಳು ಅನಿಲದ ಹೊದಿಕೆ, ಇದೆಯಲ್ಲ, ಅದರ ಬೆಳಕು ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲು ಮಾತ್ರ. ಬಿಂಬದ ಚೂರೇ ಚೂರು ಉಳಿದರೂ ಆ ಬೆಳಕು ಇದನ್ನು ನುಂಗಿಬಿಡುತ್ತದೆ. ಸೂರ್ಯ ಶೇಕಡಾ 99ರಷ್ಟು ಮುಚ್ಚಿದ ಊರಲ್ಲಿ ನಿಂತವರಿಗೂ ಖಗ್ರಾಸದ, ಅಂದರೆ ಸೂರ್ಯ ಪೂರ್ತಿ ಮುಚ್ಚಿಹೋಗುವ ನೋಟ ಸಿಗುವುದಿಲ್ಲ. ಚಂದ್ರನ ನೆರಳು ಹಾದುಹೋಗುವ ಪಟ್ಟಿಯ ಒಳಗೇ ನಿಲ್ಲಬೇಕು.

ನಾವು ಆರಿಸಿಕೊಂಡ ಊರು ದಕ್ಷಿಣ ಇಲಿನಾಯ್‌ನ ಕಾರ್ಬನ್‌ಡೇಲ್. 2017ರ ಆಗಸ್ಟ್ ಗ್ರಹಣದ ನೆರಳೂ ಇದೇ ಊರಿನ ಮೇಲೆ ಹಾದುಹೋಗಿತ್ತು. ಒಂದೇ ಜಾಗಕ್ಕೆ ಖಗ್ರಾಸ ಬರುವುದು ಸರಾಸರಿ 375 ವರ್ಷಕ್ಕೊಮ್ಮೆ. ಇಲ್ಲಿ ಏಳು ವರ್ಷದೊಳಗೆ ಎರಡನೇ ಸಲ! ಹಳೆಯ ಹವಾಮಾನದ ಲೆಕ್ಕ ನೋಡಿದರೆ ನೆರಳಿನ ಹಾದಿಯಲ್ಲೇ ಇದ್ದ ಟೆಕ್ಸಾಸ್ ಹೆಚ್ಚು ಒಳ್ಳೆಯದು ಅನಿಸುತ್ತಿತ್ತು. ಆದರೆ ಆ ವಾರ ಅಲ್ಲಿ ಮೋಡದ ಸೂಚನೆ ಜಾಸ್ತಿಯಾಗುತ್ತಾ ಹೋಯಿತು, ನಮ್ಮ ಕಡೆ ತಿಳಿಯಾಗುತ್ತಾ ಬಂತು. ರೂಮನ್ನು ಬಹಳ ಮುಂಚೆಯೇ ಹಿಡಿದಿಟ್ಟಿದ್ದೆ. ನೀವು ಗ್ರಹಣ ನೋಡಲು ಹೋಗುವುದಾದರೆ, ಆ ರಾತ್ರಿಯೂ ಅಲ್ಲೇ ಉಳಿಯುವ ಹಾಗೆ ನೋಡಿಕೊಳ್ಳಿ. ಆವತ್ತು ಸಂಜೆ ಉತ್ತರಕ್ಕೆ ಹೊರಟವರು ಹೈವೇಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡರು.

ಅವ್ವ ಗದಗದಿಂದ ಬಂದು ನಮ್ಮ ಜೊತೆಗಿದ್ದಳು. 1980ರ ಫೆಬ್ರುವರಿ 16ರಂದು ಕಾರವಾರ, ಅಂಕೋಲಾ ಕಡೆಯಿಂದ ಒಳಬಂದ ಚಂದ್ರನ ನೆರಳು ಗದಗದ ಮೇಲಿಂದ ರಾಯಚೂರಿನ ಕಡೆ ಹೋಗಿತ್ತು. ಎರಡೂವರೆ ನಿಮಿಷಕ್ಕಿಂತ ಜಾಸ್ತಿ ಖಗ್ರಾಸ, ತಲೆಯ ಮೇಲೇ! ಅವ್ವ ಮಾತ್ರ ಕಿಟಕಿಗೆ ಚಾದರ ಕಟ್ಟಿ ಒಳಗೆ ಕೂತಿದ್ದಳು. ಓಣಿಗೆ ಓಣಿಯೇ ಹಾಗಿತ್ತಂತೆ. ಈ ಸಲ ಬರ್ತೀಯಾ ಅಂತ ಕೇಳಿದಾಗ ಒಪ್ಪಿದಳು, ಆದರೆ ಗ್ರಹಣ ಬಿಟ್ಟು ಸ್ನಾನ ಆಗುವವರೆಗೆ ಏನೂ ತಿನ್ನೋದಿಲ್ಲ ಅಂದಳು. ಸರಿ, ನಾವೂ ಅವಳ ಜೊತೆ ಉಪವಾಸ ಇದ್ದೆವು.

ಮಧ್ಯಾಹ್ನ 12.43ರ ಹೊತ್ತಿಗೆ ಗ್ರಹಣ ಹಿಡಿಯಿತು. ಐಎಸ್‌ಒ 12312-2 ಗುರುತಿನ (ಸೂರ್ಯನನ್ನು ನೇರವಾಗಿ ನೋಡಲು ಸುರಕ್ಷಿತ ಅನ್ನುವ ಗುರುತು) ಕನ್ನಡಕ ಎಲ್ಲರ ಕಣ್ಣಿಗೂ ಇತ್ತು. ಬೈನಾಕ್ಯುಲರ್‌ನ ಮುಂಭಾಗದ ಗಾಜುಗಳಿಗೇ ಸೌರ ಫಿಲ್ಟರ್ ಹಾಕಿದ್ದೆ. ಈ ಕನ್ನಡಕ ಹಾಕಿಕೊಂಡು ಫಿಲ್ಟರ್ ಇಲ್ಲದ ಬೈನಾಕ್ಯುಲರ್‌ನಲ್ಲಿ ಯಾವತ್ತೂ ನೋಡಬೇಡಿ, ಕಣ್ಣು ಹೋಗುತ್ತದೆ. ಮೊದಲ ಒಂದು ಗಂಟೆ ನಿಧಾನ. ಬೂಂದಿ ಕರಿಯುವ ತೂತಿನ ಸೌಟು ತಂದಿದ್ದೆವು. ಅದನ್ನು ಬಿಳಿ ಹಾಳೆಯ ಮೇಲೆ ಹಿಡಿದರೆ ಒಂದೊಂದು ತೂತಿಗೂ ಒಂದೊಂದು ಪುಟ್ಟ ಬಿದಿಗೆ ಚಂದ್ರ.

ಕೊನೆಯ ಹತ್ತು ನಿಮಿಷದಲ್ಲಿ ಬಿಸಿಲಿನ ಬಣ್ಣವೇ ಬದಲಾಯಿತು. ಸಂಜೆಯ ಕೆಂಪು ಅಲ್ಲ, ಒಂಥರಾ ಸೀಸದ ಬಣ್ಣ. ನೆರಳುಗಳ ಅಂಚು ಚೂಪಾಯಿತು. ಗಾಳಿ ತಣ್ಣಗಾಯಿತು. ಸೂರ್ಯನ ಬಲಕ್ಕೆ, ಸ್ವಲ್ಪ ಕೆಳಗೆ, ಶುಕ್ರ ಹಗಲಲ್ಲೇ ಕಾಣಿಸಿಕೊಂಡ. ನೈಋತ್ಯದಿಂದ ಕತ್ತಲು ಮೇಲೇರಿ ಬಂತು.

1.59ಕ್ಕೆ ಸೂರ್ಯನ ಕೊನೆಯ ಕಿಡಿ ವಜ್ರದುಂಗುರದ ಹಾಗೆ ಮಿಂಚಿ ಆರಿತು. ಕನ್ನಡಕ ತೆಗೀರಿ ಅಂತ ಕೂಗಿದೆ. ಸೂರ್ಯ ಇದ್ದ ಜಾಗದಲ್ಲಿ ಕಪ್ಪು ಬಿಲ್ಲೆ. ಸುತ್ತಲೂ ಬೆಳ್ಳಿಯ ಎಳೆಗಳು, ಎಲ್ಲ ದಿಕ್ಕಿಗೂ. ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಿ ಕರೋನಾ ಹೀಗೆ ಸುತ್ತಲೂ ಹರಡಿಕೊಂಡಿರುತ್ತದೆ. 1980 ಕೂಡ ಅಂಥದೇ ವರ್ಷ, ಗದಗದ ಆಕಾಶದಲ್ಲೂ ಇಂಥದೇ ಕರೋನಾ ಇತ್ತು. ಕೆಳ ಅಂಚಿನಲ್ಲಿ ಗುಲಾಬಿ ಚುಕ್ಕೆಯೊಂದು ಬರಿಗಣ್ಣಿಗೇ ಕಾಣುತ್ತಿತ್ತು. ಫಿಲ್ಟರ್ ತೆಗೆದ ಬೈನಾಕ್ಯುಲರ್‌ನಲ್ಲಿ ಅದು ಸೂರ್ಯನಿಂದ ಚಿಮ್ಮಿನಿಂತ ಅನಿಲದ ಚಾಚು ಅಂತ ಗೊತ್ತಾಯಿತು. ಭೂಮಿಗಿಂತ ದೊಡ್ಡದು.

ಅವ್ವ ಕೈ ಮುಗಿದು ನಿಂತಿದ್ದಳು. "ಇದನ್ನ ಬಾಗಲಾ ಹಾಕ್ಕೊಂಡು ಕಳದ್ವಲ್ಲಪಾ" ಅಂದಳು. ಮುಂದೆ ಏನೂ ಅನ್ನಲಿಲ್ಲ.

ನಾಲ್ಕು ನಿಮಿಷ ಒಂಬತ್ತು ಸೆಕೆಂಡು ಬಹಳ ಬೇಗ ಮುಗಿಯುತ್ತದೆ. ಏನೇನು ನೋಡಬೇಕು ಅಂತ ಮೊದಲೇ ಸಾಲುಹಚ್ಚಿ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಮೊದಲು ಬರಿಗಣ್ಣು, ಆಮೇಲೆ ಬೈನಾಕ್ಯುಲರ್, ಆಮೇಲೆ ಒಂದು ಸುತ್ತು ತಿರುಗಿ ದಿಗಂತ. ಸುತ್ತಲೂ ಕಿತ್ತಳೆ ಬಣ್ಣದ ಸಂಜೆ. ಮೇಲೆ ಎಡಕ್ಕೆ ಗುರು. ಬೈನಾಕ್ಯುಲರ್ ಕೆಳಗಿಡಬೇಕಾದ ಹೊತ್ತಿಗೆ ವಾಚಿನಲ್ಲಿ ಅಲಾರಂ ಇಟ್ಟಿದ್ದೆ, ಯಾಕೆಂದರೆ ಸೂರ್ಯ ಮತ್ತೆ ಇಣುಕುವ ಎರಡನೇ ವಜ್ರದುಂಗುರದ ಕ್ಷಣಕ್ಕೆ ಅದು ಕಣ್ಣಿನ ಮುಂದೆ ಇರಲೇಬಾರದು. ಫೋಟೊ ತೆಗೆಯಲಿಲ್ಲ. ಒಳ್ಳೆಯ ಫೋಟೊಗಳು ಎಲ್ಲ ಕಡೆ ಸಿಗುತ್ತವೆ, ಕಣ್ಣಿಗೆ ಕಂಡದ್ದು ಯಾವುದರಲ್ಲೂ ಇಲ್ಲ. ಫೋನನ್ನು ಸ್ಟ್ಯಾಂಡಿಗೆ ಹಾಕಿ ನಮ್ಮ ಕಡೆಗೇ ತಿರುಗಿಸಿ ವೀಡಿಯೊಗೆ ಬಿಟ್ಟಿದ್ದೆ. ಅದರಲ್ಲಿ ನಮ್ಮ ಮುಖಗಳು, ಪೂರ್ತಿ ಮೈದಾನದ ಕೂಗು ಎಲ್ಲ ಸಿಕ್ಕಿವೆ. ನೀವೂ ಹೀಗೇ ಮಾಡಿ.

ಭಾರತದಲ್ಲೇ ನೋಡಬೇಕು ಅನ್ನುವವರು 2034ರ ಮಾರ್ಚ್ 20ಕ್ಕೆ ಲಡಾಖ್, ಕಾರ್ಗಿಲ್ ಕಡೆ ಹೋಗಬೇಕು. ಅಷ್ಟು ವರ್ಷ ಕಾಯೋಕಾಗದವರಿಗೆ 2027ರ ಆಗಸ್ಟ್ 2 ಇದೆ. ಈಜಿಪ್ಟ್‌ನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಜಾಸ್ತಿ ಖಗ್ರಾಸ, ಆಗಸ್ಟ್‌ನಲ್ಲಿ ಅಲ್ಲಿ ಮೋಡದ ಕಾಟ ಇಲ್ಲವೇ ಇಲ್ಲ ಅನ್ನಬಹುದು. ಸೆಕೆ ಮಾತ್ರ ವಿಪರೀತ, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ನೆರಳಿರುವ ಜಾಗ ಮೊದಲೇ ನೋಡಿಟ್ಟುಕೊಳ್ಳಿ.