ಮಾರುವ ಮನೆಗೆ ಮೊದಲು ಪರೀಕ್ಷೆ, ಆಮೇಲೆ ಬಣ್ಣ

ಮನೆ ಮಾರುವುದು ಅಂತ ತೀರ್ಮಾನ ಆದ ತಕ್ಷಣ ಹೆಚ್ಚಿನವರು ಪೇಂಟರ್‌ಗೆ ಫೋನ್ ಮಾಡುತ್ತಾರೆ. ನನ್ನ ಸಂಬಂಧಿಕರೊಬ್ಬರೂ ಹಾಗೇ ಮಾಡಿದರು. ನೋಡಲು ಬಂದವರು ಜೊತೆಗೆ ಒಬ್ಬ ಎಂಜಿನಿಯರನ್ನು ಕರೆತಂದಿದ್ದರು. ಅವರು ಹೊಳೆಯುವ ಗೋಡೆಗೆ ತೇವ ಅಳೆಯುವ ಮೀಟರ್ ಇಟ್ಟರು, ಮುಳ್ಳು ಮೇಲಕ್ಕೇರಿತು. “ಇನ್ನೂ ಏನೇನು ಮುಚ್ಚಿದ್ದೀರಿ?” ಅಂತ ಕೇಳಿದರು. ಪಾಪ, ಇವರಿಗೆ ಗೋಡೆ ತೇವ ಆಗಿರುವುದೇ ಗೊತ್ತಿರಲಿಲ್ಲ. ವ್ಯವಹಾರ ಅಲ್ಲೇ ಮುರಿದುಬಿತ್ತು. ಹಾಗಾಗಿ ಬಣ್ಣದ ಡಬ್ಬ ಸದ್ಯಕ್ಕೆ ಪಕ್ಕಕ್ಕಿಡಿ.

ಹಂತ 1: ಸರಿಯಾದವರನ್ನು ಕರೆಯಿರಿ

ಜಾಹೀರಾತು ಕೊಡುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ಪರೀಕ್ಷೆ ಮಾಡಿಸಿ. ರಿಪೇರಿ ಕೆಲಸ ಹಿಡಿಯುವವರಿಂದ ಮಾತ್ರ ಬೇಡ. “ತಪಾಸಣೆ ಉಚಿತ” ಅಂದವರು ಆ ಖರ್ಚನ್ನು ರಿಪೇರಿಯಲ್ಲಿ ವಸೂಲಿ ಮಾಡಿಕೊಳ್ಳಬೇಕಲ್ವಾ? ಪರೀಕ್ಷೆಗಷ್ಟೇ ಹಣ ಪಡೆಯುವ, ಫೋಟೊ ಸಮೇತ ಬರಹದಲ್ಲಿ ವರದಿ ಕೊಡುವ ಎಂಜಿನಿಯರನ್ನೇ ಹುಡುಕಿ. ಬಾಯಿಮಾತಿನ ವರದಿಗೆ ಹಣ ಕೊಡಬೇಡಿ.

ಹಂತ 2: ದಾರಿ ಬಿಡಿಸಿ

ಬೀರು ಗೋಡೆಯಿಂದ ಸರಿಸಿ, ಸಿಂಕ್ ಕೆಳಗಿನ ಸಾಮಾನು ತೆಗೆಯಿರಿ, ಚಾವಣಿ ಹತ್ತಲು ಏಣಿ ಇಡಿ. ಕರೆಂಟು, ನೀರು ಎರಡೂ ಇರಲಿ.

ಹಂತ 3: ತೇವದ ಮೂಲ ಹಿಡಿಯಿರಿ

ಜನ ಎಡವುವುದು ಇಲ್ಲೇ. ಗೋಡೆಯ ಮೇಲೆ ಕಲೆ ಕಂಡ ಜಾಗದಲ್ಲೇ ರಿಪೇರಿ ಮಾಡಿಬಿಡುತ್ತಾರೆ. ನೀರು ನುಗ್ಗುವ ಜಾಗ ಬೇರೆ, ಕಾಣಿಸಿಕೊಳ್ಳುವ ಜಾಗ ಬೇರೆ ಇರಬಹುದು. ಚಾವಣಿಯ ಒಂದು ಮೂಲೆಯಲ್ಲಿ ಇಳಿದ ನೀರು ಸ್ಲ್ಯಾಬ್ ಒಳಗೇ ಹರಿದು ಇನ್ನೊಂದು ಕೋಣೆಯಲ್ಲಿ ತೊಟ್ಟಿಕ್ಕುವುದುಂಟು.

ಮೊದಲು ಕಲೆಯ ಎತ್ತರ ನೋಡಿ. ನೆಲದಿಂದ ಶುರುವಾಗಿ ಸುಮಾರು ಒಂದು ಮೀಟರ್ ಒಳಗೇ ನಿಂತು, ಬಿಳಿ ಉಪ್ಪು ಹೊರಬಂದಿದ್ದರೆ ನೆಲದ ತೇವ ಮೇಲೇರುತ್ತಿದೆ ಅಂತ ಅನುಮಾನಿಸಿ. ಮಳೆ ಬಂದಾಗ ಜಾಸ್ತಿಯಾಗಿ ಬಿಸಿಲಿಗೆ ಕಡಿಮೆಯಾದರೆ ಚಾವಣಿ ಅಥವಾ ಹೊರಗೋಡೆ ಪರೀಕ್ಷಿಸಿ. ಮಳೆ ಬರಲಿ ಬಿಡಲಿ ಒಂದೇ ಸಮ ಇದ್ದರೆ ಗೋಡೆಯೊಳಗಿನ ಪೈಪು ಅಥವಾ ಆಚೆ ಬದಿಯ ಬಚ್ಚಲು ಕಾರಣ ಇರಬಹುದು.

ಬಚ್ಚಲ ಮೇಲೆ ಅನುಮಾನ ಬಂದರೆ ಹೊರಹೋಗುವ ತೂತನ್ನು ಬಿಗಿಯಾಗಿ ಮುಚ್ಚಿ, ನೆಲ ಮುಳುಗುವಷ್ಟು ನೀರು ನಿಲ್ಲಿಸಿ, 24 ಗಂಟೆ ಬಿಡಿ. ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿಡಿ. ಕೆಳಗಿನ ಚಾವಣಿ, ಪಕ್ಕದ ಗೋಡೆ ಎರಡನ್ನೂ ಆಗಾಗ ಮುಟ್ಟಿ ನೋಡಿ. ಎರಡೇ ಗಂಟೆಗೆ ನೀರು ಬಿಟ್ಟು “ಏನೂ ಇಲ್ಲ” ಅಂದವರನ್ನು ನೋಡಿದ್ದೇನೆ. ಕಾಂಕ್ರೀಟ್ ದಾಟಿ ಬರಲು ನೀರಿಗೆ ಸಮಯ ಬೇಕು.

ಒಳಗಿನ ಹಬೆಯೇ ತಣ್ಣನೆಯ ಗೋಡೆಗೆ ಕೂತು ನೀರಾಗುವುದೂ ಇದೆ. ಅದಕ್ಕೆ ಒಂದು ಸುಲಭ ಪರೀಕ್ಷೆ. ಅಂಗೈಯ ಎರಡರಷ್ಟು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಇದ್ದರೆ ತೇವ ಗೋಡೆಯದು. ಮುಂದೆ ಇದ್ದರೆ ಕೋಣೆಯ ಗಾಳಿಯದು, ಕಿಟಕಿ ತೆರೆದಿಡುವುದರಿಂದಲೇ ಅರ್ಧ ಕೆಲಸ ಆಗುತ್ತದೆ. ತೇವದ ಮೀಟರನ್ನು ಮಾತ್ರ ಪೂರ್ತಿ ನಂಬಬೇಡಿ. ಗೋಡೆಯಲ್ಲಿ ಉಪ್ಪಿದ್ದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ಒಳಗಿನಿಂದ ಬಳಿಯುವ “ವಾಟರ್‌ಪ್ರೂಫ್” ಪೇಂಟು ಕೊಳ್ಳಲೇಬೇಡಿ. ನೀರು ಗೋಡೆಯೊಳಗೇ ಉಳಿದು, ಕೊನೆಗೆ ಪೇಂಟು ಗುಳ್ಳೆ ಎದ್ದು ಹಪ್ಪಳದ ಹಾಗೆ ಕಿತ್ತು ಬರುತ್ತದೆ. ನೀರು ಬರುವ ಕಡೆಯಿಂದಲೇ ತಡೆಯಬೇಕು.

ಹಂತ 4: ಪೈಪು, ವೈರಿಂಗ್

ಎಲ್ಲ ನಲ್ಲಿ ಮುಚ್ಚಿ, ನೀರಿನ ಮೀಟರ್ ಅಂಕಿ ಬರೆದುಕೊಂಡು, ಎರಡು ಗಂಟೆ ಬಿಟ್ಟು ನೋಡಿ. ಅಂಕಿ ಓಡಿದ್ದರೆ ಎಲ್ಲೋ ಸೋರಿಕೆ ಇರಬಹುದು. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ. ಫ್ಲಶ್ ಮಾಡದೆಯೇ ಅರ್ಧ ಗಂಟೆಯೊಳಗೆ ಬಣ್ಣ ಕಮೋಡಿಗೆ ಇಳಿದರೆ ವಾಷರ್ ಹೋಗಿದೆ.

ಶಾಕ್ ತಪ್ಪಿಸುವ ಸ್ವಿಚ್‌ನ (ಆರ್‌ಸಿಸಿಬಿ) ಟೆಸ್ಟ್ ಬಟನ್ ಒತ್ತಿದರೆ ಕರೆಂಟು ಕೂಡಲೇ ಹೋಗಬೇಕು. ಹೋಗಲಿಲ್ಲವೆಂದರೆ ಅದೇ ದಿನ ಎಲೆಕ್ಟ್ರಿಷಿಯನ್ ಕರೆಸಿ. ಅಲ್ಲಿ ವಾಸ ಇರುವವರು ಇನ್ನೂ ನೀವೇ.

ಹಂತ 5: ಬಿರುಕು

ಕೂದಲೆಳೆಯ ಬಿರುಕು ಸಾಮಾನ್ಯವಾಗಿ ಪ್ಲಾಸ್ಟರಿನದು. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಓಡುವ, ಮೆಟ್ಟಿಲಿನ ಹಾಗೆ ಇಟ್ಟಿಗೆ ಸಾಲು ಹಿಡಿದು ಇಳಿಯುವ, ಒಂದು ಕಡೆ ಅಗಲವಾಗುತ್ತ ಹೋಗುವ ಬಿರುಕನ್ನು ಎಂಜಿನಿಯರ್ ನೋಡಲೇಬೇಕು. ಅವರು ನೋಡುವ ಮೊದಲು ಪುಟ್ಟಿ ತುಂಬಬೇಡಿ. ಬಿರುಕಿನ ಎರಡು ತುದಿಗೂ ಗುರುತು ಹಾಕಿ ತಾರೀಖು ಬರೆಯಿರಿ. ಬೆಳೆಯುತ್ತಿದೆಯಾ, ನಿಂತಿದೆಯಾ ಅನ್ನುವುದೇ ಅವರಿಗೆ ಬೇಕಾದ ಮಾಹಿತಿ.

ಹಂತ 6: ವರದಿ ಬಂದ ಮೇಲೆ

ಅಪಾಯ ತರುವಂಥದ್ದು ಮತ್ತು ನೀರಿನ ಸಮಸ್ಯೆ, ಇವೆರಡನ್ನು ಮೊದಲು ಸರಿಮಾಡಿಸಿ. ಸವೆದ ಟೈಲ್ಸ್, ಹಳೆಯ ನಲ್ಲಿ ಹಾಗೇ ಇರಲಿ. ಕೊಳ್ಳುವವರು ತಮಗಿಷ್ಟವಾದದ್ದನ್ನೇ ಹಾಕಿಸಿಕೊಳ್ಳುತ್ತಾರೆ. ಮಾಡಿಸದೆ ಬಿಟ್ಟದ್ದನ್ನು ನೀವೇ ಬಾಯಿಬಿಟ್ಟು ಹೇಳಿ, ವರದಿಯ ಪ್ರತಿ ಕೈಗೆ ಕೊಡಿ. ರಿಪೇರಿಯ ಬಿಲ್ಲು, ಗೋಡೆ ಒಡೆದಾಗಿನ ಫೋಟೊ ಜೊತೆಯಲ್ಲಿರಲಿ.

ಸೋರಿಕೆ ನಿಂತ ಮೇಲೂ ಗೋಡೆ ಒಣಗಲು ತುಂಬಾ ದಿನ ಬೇಕು. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಅನ್ನುವುದು ಅಂದಾಜು ಲೆಕ್ಕ. ಅಷ್ಟು ಕಾಯಲು ಆಗದಿದ್ದರೆ ವಾರಕ್ಕೊಮ್ಮೆ ಅದೇ ಜಾಗಕ್ಕೆ ಮೀಟರ್ ಇಟ್ಟು, ತಾರೀಖಿನ ಜೊತೆ ಅಂಕಿ ಬರೆಯುತ್ತ ಹೋಗಿ. ಕೊಳ್ಳುವವರಿಗೆ ಆ ಹಾಳೆ ತೋರಿಸಿ, ಆ ಗೋಡೆಯೊಂದನ್ನು ಬಣ್ಣ ಬಳಿಯದೆ ಹಾಗೇ ಬಿಡಿ. ಉಳಿದ ಗೋಡೆಗಳಿಗೆ ಈಗ ಪೇಂಟರನ್ನು ಕರೆಯಬಹುದು.