ಬೆಕ್ಕಿಗೆ ಉಡುಗೊರೆ: ಕೊಳ್ಳುವ ಮೊದಲು ಮೂರು ದಿನ ಸುಮ್ನೆ ನೋಡಿ

ಮನುಷ್ಯರಿಗೆ ಉಡುಗೊರೆ ಕೊಟ್ಟರೆ, ಇಷ್ಟ ಆಗದಿದ್ದರೂ 'ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ' ಅಂತ ನಗುತ್ತಾರೆ. ಬೆಕ್ಕಿಗೆ ಆ ದಾಕ್ಷಿಣ್ಯ ಇಲ್ಲ. ಒಂದ್ಸಲ ಮೂಸುತ್ತದೆ, ನಿಮ್ಮ ಮುಖ ನೋಡುತ್ತದೆ, ಎದ್ದು ಹೋಗುತ್ತದೆ.

ನಮ್ಮನೆಯಲ್ಲಿ ಎರಡಿವೆ, ಚುಕ್ಕಿ ಮತ್ತು ಕರಿಯ. ಚುಕ್ಕಿಗೆ ಗಾಳಿಯಲ್ಲಿ ಹಾರಾಡುವುದು ಬೇಕು, ನೆಲದ ಮೇಲೆ ಏನು ಓಡಿದರೂ ತಿರುಗಿ ನೋಡುವುದಿಲ್ಲ. ಕರಿಯ ಪೂರ್ತಿ ಉಲ್ಟಾ. ಸೋಫಾ ಅಡಿಯಿಂದ ಏನಾದರೂ ಸರಕ್ಕನೆ ಹೋಯಿತೋ, ಕಿವಿ ನೆಟ್ಟಗಾಯಿತು ಅಂತಲೇ ಲೆಕ್ಕ. ಇಷ್ಟನ್ನು ತಿಳಿಯೋಕೆ ನನಗೆ ಎರಡು ವರ್ಷ ಹಿಡಿಯಿತು, ಒಂದು ಬುಟ್ಟಿ ತುಂಬ ಮುಟ್ಟದ ಆಟಿಕೆಗಳೂ ಸೇರಿದವು. ನಿಮಗೆ ಮೂರು ದಿನ ಸಾಕು.

ಮೊದಲು ನೋಡಿ

ನೋಡಬೇಕಾದ್ದು ನಾಲ್ಕೇ ವಿಷಯ. ಕಿಟಕಿಯಲ್ಲಿ ಕೂತಾಗ ಮೇಲೆ ನೋಡುತ್ತದೋ ಕೆಳಗೆ ನೋಡುತ್ತದೋ? ಹಾರುವ ಹುಳಕ್ಕೆ ನೆಗೆಯುತ್ತದೋ, ಹರಿದಾಡುವ ಹುಳದ ಮುಂದೆ ಹೊಂಚು ಹಾಕುತ್ತದೋ? ಉಗುರು ಪರಚುವುದು ಎಲ್ಲಿ, ಸೋಫಾದ ಪಕ್ಕಕ್ಕೋ ಕಾಲೊರಸಿಗೋ? ಮಲಗುವುದು ಕಪಾಟಿನ ಮೇಲೋ ಮಂಚದ ಕೆಳಗೋ? ಮುಂಜಾನೆ ಮತ್ತು ಸಂಜೆ ನೋಡಿ, ಬೆಕ್ಕು ಚುರುಕಾಗಿರುವುದು ಆಗಲೇ. ಮಧ್ಯಾಹ್ನ ನೋಡಿದರೆ ನಿದ್ದೆ ಬಿಟ್ಟು ಬೇರೇನೂ ಕಾಣಿಸುವುದಿಲ್ಲ.

ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೆಕ್ಕಿನ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು ಮಂಕಾಗಿ ಕಾಣುತ್ತದೆ. ಮೂಗಿನ ಹತ್ತಿರ, ಅಂದರೆ ಸುಮಾರು 25 ಸೆಂಟಿಮೀಟರ್ ಒಳಗೆ ಇಟ್ಟದ್ದು ಸ್ಪಷ್ಟವಾಗಿ ಕಾಣುವುದೇ ಇಲ್ಲ. ಆಟಿಕೆಯನ್ನು ಮುಖಕ್ಕೆ ಹಿಡಿದು 'ನೋಡು ನೋಡು' ಅಂದರೆ ಅದು ಹಿಂದೆ ಸರಿಯುವುದು ಇದಕ್ಕೇ. ಅದಕ್ಕೆ ಬೇಕಾದ್ದು ಚಲನೆ, ಅದೂ ತನ್ನಿಂದ ದೂರ ಓಡುವ ಚಲನೆ. ಯಾವ ಇಲಿಯೂ ತಾನಾಗಿ ಬೆಕ್ಕಿನ ಬಾಯಿಗೆ ನಡೆದುಕೊಂಡು ಬರುವುದಿಲ್ಲ, ಅಲ್ವಾ?

ಕಾಲುಚೀಲದ ಇಲಿ

ಜೋಡಿ ಕಳೆದುಕೊಂಡ ಕಾಲುಚೀಲ ಎಲ್ಲರ ಮನೆಯಲ್ಲೂ ಇರುತ್ತದೆ. ಅದನ್ನು ಪರಿಮಳವಿಲ್ಲದ ಸೋಪಿನಲ್ಲಿ ಒಗೆದು ಒಣಗಿಸಿ. ಬೆರಳಿನ ಕಡೆಯಿಂದ ಸುಮಾರು 10 ಸೆಂಟಿಮೀಟರ್ ಕತ್ತರಿಸಿಕೊಳ್ಳಿ. ಒಳಗೆ ಹಳೇ ಬನಿಯನ್ ಚೂರುಗಳನ್ನು ಒತ್ತಿ ತುಂಬಿ. ಥರ್ಮಾಕೋಲ್ ಗುಳಿಗೆ ಬೇಡ, ಕಾಳೂ ಬೇಡ, ಹೊಲಿಗೆ ಬಿಚ್ಚಿದರೆ ಮನೆ ತುಂಬ ಚೆಲ್ಲುತ್ತದೆ, ಬೆಕ್ಕಿನ ಹೊಟ್ಟೆಗೂ ಹೋಗುತ್ತದೆ. ಸರಬರ ಸದ್ದು ಬೇಕಿದ್ದರೆ ಬಟ್ಟೆಯ ನಡುವೆ ಒಂದು ಗಟ್ಟಿ ಕಾಗದ ಮುದುರಿ ಇಡಿ. ಬಾಯಿಯ ಅಂಚನ್ನು ಒಳಕ್ಕೆ ಮಡಚಿ, ಎರಡೆಳೆ ದಾರದಲ್ಲಿ ಒತ್ತೊತ್ತಾಗಿ ಎರಡು ಸಾಲು ಹೊಲಿಯಿರಿ. ಬಾಲಕ್ಕೆ ಅದೇ ಕಾಲುಚೀಲದ ಪಟ್ಟಿ ಸಾಕು. ಎರಡು ಬೆರಳಗಲ, ಐದಾರು ಸೆಂಟಿಮೀಟರ್ ಉದ್ದ, ಅಷ್ಟೇ.

ಕಣ್ಣು ಇಡಬೇಡಿ. ನಾನು ಮೊದಲ ಇಲಿಗೆ ಬಹಳ ಮುದ್ದಾಗಿ ಎರಡು ಕರಿ ಗುಂಡಿ ಹೊಲಿದಿದ್ದೆ. ಸಂಜೆ ಕೊಟ್ಟೆ. ರಾತ್ರಿ ನೋಡಿದರೆ ಇಲಿ ಒಕ್ಕಣ್ಣ! ಟಾರ್ಚ್ ಹಿಡಿದು ಮಂಚದಡಿ ಹೊಟ್ಟೆ ಮೇಲೆ ತೆವಳಿ, ಧೂಳಲ್ಲಿ ಕೈಯಾಡಿಸಿ, ಆ ಗುಂಡಿ ಸಿಗುವವರೆಗೆ ನನಗೆ ಜೀವ ಇರಲಿಲ್ಲ. ಕರಿಯ ಪಕ್ಕದಲ್ಲೇ ಕೂತು ನನ್ನ ಹುಡುಕಾಟ ನೋಡುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ನನಗೆ ಪ್ರಾಣಸಂಕಟ. ಅವತ್ತಿಂದ ನಮ್ಮನೆ ಇಲಿಗಳೆಲ್ಲ ಕುರುಡು.

ಕೊಡುವ ಮೊದಲು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ನಿಮ್ಮ ಕೈಗೇ ಬಿಚ್ಚಿದರೆ ಅದರ ಹಲ್ಲಿಗೆ ಎಷ್ಟು ಹೊತ್ತು? ಹಿಂಗಾಲಲ್ಲಿ ಒದ್ದು ಆಡುವ ಬೆಕ್ಕಾದರೆ ಪೂರ್ತಿ ಕಾಲುಚೀಲವನ್ನೇ ತುಂಬಿ, 25-30 ಸೆಂಟಿಮೀಟರ್ ಉದ್ದದ ದಿಂಬಿನ ಹಾಗೆ ಮಾಡಿ. ಮುಂಗಾಲಲ್ಲಿ ಅಪ್ಪಿಕೊಂಡು ಹಿಂಗಾಲಲ್ಲಿ ಒದೆಯುವಷ್ಟು ಉದ್ದ ಬೇಕು. ನಿಮ್ಮ ಕೈಗೆ ಬೀಳುವ ಗೀರು ಕಮ್ಮಿಯಾಗುತ್ತದೆ.

ಒಳಗೆ ಒಂದು ಟೀ ಚಮಚ ಒಣ ಕ್ಯಾಟ್‌ನಿಪ್ ಹಾಕಬಹುದು. ಪುದೀನ ಜಾತಿಗೆ ಸೇರಿದ ಗಿಡ ಅದು. ಅದರಲ್ಲಿರುವ ನೆಪೆಟಾಲ್ಯಾಕ್ಟೋನ್ ಅನ್ನುವ ವಸ್ತುವಿನ ವಾಸನೆಗೆ ಬೆಕ್ಕು ಹೊರಳಾಡುತ್ತದೆ, ಕೆನ್ನೆ ಉಜ್ಜುತ್ತದೆ, ಜೊಲ್ಲು ಸುರಿಸುತ್ತದೆ. ಹತ್ತು ನಿಮಿಷದಲ್ಲಿ ಎಲ್ಲ ಇಳಿದುಹೋಗುತ್ತದೆ, ಆಮೇಲೆ ಸ್ವಲ್ಪ ಹೊತ್ತು ಏನು ಮೂಸಿದರೂ ಏರುವುದಿಲ್ಲ. ಚಟ ಹತ್ತುವುದಿಲ್ಲ, ಹೆದರಬೇಡಿ. ಆದರೆ ಎಲ್ಲ ಬೆಕ್ಕಿಗೂ ಇದು ತಟ್ಟುವುದಿಲ್ಲ, ಸುಮಾರು ಮೂರರಲ್ಲಿ ಒಂದಕ್ಕೆ ಏನೂ ಆಗುವುದಿಲ್ಲ. ಇದು ಹುಟ್ಟಿನಿಂದ ಬರುವ ಗುಣ. ತೀರಾ ಮರಿಗಳಿಗೂ ತಟ್ಟುವುದಿಲ್ಲ. ಚುಕ್ಕಿ ಹುಚ್ಚಾಗುತ್ತಾಳೆ, ಕರಿಯ ಒಣಹುಲ್ಲು ನೋಡಿದ ಹಾಗೆ ನೋಡುತ್ತಾನೆ.

ಕೋಲಿನ ಆಟಿಕೆ, ಮತ್ತು ದಾರದ ಅಪಾಯ

ಹಾರುವುದನ್ನು ಹಿಡಿಯುವ ಬೆಕ್ಕಿಗೆ ಇದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ. 60-90 ಸೆಂಟಿಮೀಟರ್ ಉದ್ದದ ಕೋಲು ತಗೊಂಡು ಸಿಬಿರು ಹೋಗುವವರೆಗೆ ಉಜ್ಜಿ. ತುದಿಗೆ ಬಟ್ಟೆಯ ಪಟ್ಟಿ ಬಿಗಿಯಾಗಿ ಕಟ್ಟಿ. ಪಟ್ಟಿಯ ಕೊನೆಯಲ್ಲಿ ನಾಲ್ಕೈದು ಬಟ್ಟೆ ಚೂರುಗಳನ್ನು ಗಂಟು ಹಾಕಿದರೆ ಪುಕ್ಕದ ಹಾಗೆ ಬಡಿದುಕೊಳ್ಳುತ್ತವೆ.

ಪಟ್ಟಿ ಅಂದೆ, ದಾರ ಅನ್ನಲಿಲ್ಲ. ಬೆಕ್ಕಿನ ನಾಲಿಗೆ ಮುಟ್ಟಿ ನೋಡಿದ್ದೀರಾ? ಉಪ್ಪು ಕಾಗದದ ಹಾಗೆ ಗರಗರ ಅನ್ನುತ್ತದೆ. ಅದರ ತುಂಬ ಗಂಟಲ ಕಡೆಗೆ ಬಾಗಿದ ಸಣ್ಣ ಮುಳ್ಳುಗಳಿವೆ. ಬಾಯಿಗೆ ಹೋದ ದಾರವನ್ನು ಉಗುಳಬೇಕು ಅಂದುಕೊಂಡರೂ ಆ ಮುಳ್ಳು ಒಳಕ್ಕೇ ತಳ್ಳುತ್ತವೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಹೊಟ್ಟೆಯಲ್ಲೋ ಸಿಕ್ಕಿಹಾಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಲಾಡಿ ಎಳೆದ ಪೈಜಾಮದ ಹಾಗೆ ಕರುಳು ನೆರಿಗೆ ಕಟ್ಟುತ್ತದೆ, ದಾರ ಕರುಳನ್ನೇ ಕೊಯ್ಯಬಹುದು. ಕೊನೆಗೆ ಆಪರೇಷನ್. ಹಾಗಾಗಿ ಉಲ್ಲನ್ ಉಂಡೆ, ರಿಬ್ಬನ್, ಜರಿ, ರಬ್ಬರ್ ಬ್ಯಾಂಡ್, ಕೂದಲಿಗೆ ಹಾಕುವ ಬ್ಯಾಂಡ್, ಹೊಲಿಗೆ ದಾರ ಯಾವುದನ್ನೂ ಅದರ ಕೈಗೆ ಬಿಡಬೇಡಿ. ಉಲ್ಲನ್ ಉಂಡೆ ಹಿಡಿದ ಬೆಕ್ಕು ಚಿತ್ರದಲ್ಲೇ ಚೆನ್ನ. ಬಾಯಿಂದಲೋ ಹಿಂದಿನಿಂದಲೋ ದಾರ ಇಣುಕುತ್ತಿದ್ದರೆ ಎಳೆಯಲೇ ಬೇಡಿ, ಹಾಗೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕೋಲಿನ ಆಟಿಕೆಯನ್ನೂ ಆಟ ಮುಗಿದ ಕೂಡಲೇ ಕಪಾಟಿನೊಳಗಿಡಿ.

ಆಡಿಸುವುದಕ್ಕೂ ಒಂದು ಲಯ ಇದೆ. ಹಕ್ಕಿಯ ಹಾಗೆ ಎರಡು ಸಲ ಹಾರಿಸಿ, ಕುರ್ಚಿಯ ಹಿಂದೆ ಇಳಿಸಿ, ತುದಿ ಮಾತ್ರ ಕಾಣುವ ಹಾಗೆ ಸ್ವಲ್ಪ ಅಲುಗಿಸಿ ಸುಮ್ಮನಾಗಿ. ಬೆಕ್ಕು ನೆಲಕ್ಕೆ ಅಂಟಿಕೊಂಡು ಹಿಂಭಾಗ ಕುಲುಕಿಸಲು ಶುರುಮಾಡಿತು ಅಂದರೆ ನೆಗೆಯುತ್ತದೆ ಅಂತಲೇ ಅರ್ಥ, ಆಗ ಎಳೆಯಿರಿ. ಹಿಡಿಯಲು ಬಿಡಿ. ಕಚ್ಚಲು ಬಿಡಿ. ಹತ್ತು ನಿಮಿಷ ಆಡಿಸಿ, ನಿಧಾನ ಮಾಡುತ್ತಾ ಬಂದು, ಕೊನೇ ಸಲ ಹಿಡಿದ ಮೇಲೆ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ, ಇದು ಅದರ ಸಹಜ ಕ್ರಮ. ಲೇಸರ್ ಬೆಳಕನ್ನು ನಾನು ಇಷ್ಟಪಡುವುದಿಲ್ಲ, ಎಷ್ಟು ಓಡಿದರೂ ಕೈಗೆ ಏನೂ ಸಿಗುವುದಿಲ್ಲವಲ್ಲ. ಇದ್ದೇ ಇದೆ ಅಂದರೆ ಕಣ್ಣಿಗೆ ಬೀಳದ ಹಾಗೆ ಹಿಡಿದು, ಕೊನೆಗೆ ಬೆಳಕನ್ನು ಒಂದು ಬಟ್ಟೆ ಇಲಿಯ ಮೇಲೆ ನಿಲ್ಲಿಸಿ ಅದನ್ನು ಹಿಡಿಯಲು ಬಿಡಿ.

ಡಬ್ಬ

ರಟ್ಟಿನ ಡಬ್ಬವನ್ನು ಕಂಡರೆ ಬೆಕ್ಕಿಗೆ ಯಾಕಿಷ್ಟು ಮೋಹ? ಒಂದು ಕಾರಣ ಬೆಚ್ಚಗಿರುವುದು. ಬೆಕ್ಕಿನ ಮೈಗೆ ಹಿತವಾದ ಉಷ್ಣತೆ 30 ಡಿಗ್ರಿಗಿಂತ ಜಾಸ್ತಿ, ನಮಗಿಂತ ಅದಕ್ಕೆ ಬೇಗ ಚಳಿಯಾಗುತ್ತದೆ. ಇನ್ನೊಂದು ಕಾರಣ ಅಡಗುವುದು. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಡಬ್ಬ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿ 2014ರಲ್ಲಿ ವರದಿ ಪ್ರಕಟಿಸಿದರು. ಡಬ್ಬ ಸಿಕ್ಕವು ಬೇಗ ಗಾಬರಿ ಬಿಟ್ಟು ಹೊಂದಿಕೊಂಡವಂತೆ. ಮನೆ ಬದಲಿಸಿದ್ದರೆ, ನೆಂಟರು ಬರುವವರಿದ್ದರೆ ಇದೇ ಸರಿಯಾದ ಉಡುಗೊರೆ.

ಸ್ಟೇಪಲ್ ಪಿನ್, ಟೇಪ್ ಎಲ್ಲ ಕಿತ್ತುಹಾಕಿ. ಎದುರುಬದುರು ಎರಡು ಬಾಗಿಲು ಕೊರೆಯಿರಿ, ಒಂದೇ ಬಾಗಿಲಿದ್ದರೆ ಇನ್ನೊಂದು ಬೆಕ್ಕು ಅಡ್ಡ ಕೂತಾಗ ಒಳಗಿನದು ಸಿಕ್ಕಿಬೀಳುತ್ತದೆ. ಪಕ್ಕಕ್ಕೆ ಪಂಜ ತೂರುವಷ್ಟು ಮೂರ್ನಾಲ್ಕು ತೂತು ಮಾಡಿ. ಒಳಗೆ ನೀವು ಹಾಕಿ ಬಿಟ್ಟ, ಒಗೆಯದ ಅಂಗಿ ಹಾಸಿ.

ಪರಚುವ ಕಂಬ

ದುಡ್ಡಾಗಲಿ ಶ್ರಮವಾಗಲಿ ಸುರಿಯುವುದಿದ್ದರೆ ಇದಕ್ಕೆ ಸುರಿಯಿರಿ. ಬೆಕ್ಕು ಪರಚುವುದು ತುಂಟತನಕ್ಕಲ್ಲ. ಉಗುರಿನ ಹಳೇ ಪೊರೆ ಕಳಚಬೇಕು, ಎದ್ದ ಮೇಲೆ ಬೆನ್ನು ಎಳೆದು ಮೈ ಮುರಿಯಬೇಕು, ಅಂಗಾಲಿನ ವಾಸನೆ ಬಿಟ್ಟು 'ಇದು ನಂದು' ಅಂತ ಗುರುತು ಹಾಕಬೇಕು. ಹಾಗಾಗಿ ಕಂಬ ಎತ್ತರ ಇರಬೇಕು, ಅಲ್ಲಾಡಬಾರದು. ನಾನು ಮೊದಲು ತಂದದ್ದು ಮೊಣಕಾಲೆತ್ತರದ್ದು, ಬುಡ ಊಟದ ತಟ್ಟೆಯಷ್ಟು. ಚುಕ್ಕಿ ಎರಡು ಕೈ ಇಟ್ಟು ಜಗ್ಗಿದಳು, ಕಂಬ ಅವಳ ಮೇಲೇ ಬಿತ್ತು. ಒಂದು ತಿಂಗಳು ಆ ಮೂಲೆಗೇ ಹೋಗಲಿಲ್ಲ, ಸೋಫಾಕ್ಕೆ ಮಾತ್ರ ಎರಡು ಪಟ್ಟು ಸೇವೆ ನಡೆಯಿತು.

ಮನೆಯಲ್ಲೇ ಮಾಡುವುದಾದರೆ 90 ಸೆಂಟಿಮೀಟರ್ ಎತ್ತರ, 10 ಸೆಂಟಿಮೀಟರ್ ದಪ್ಪದ ಮರದ ಕಂಬ ತಗೊಳ್ಳಿ. ಬುಡಕ್ಕೆ ಅರ್ಧ ಮೀಟರ್ ಚೌಕದ ಭಾರವಾದ ಹಲಗೆ. ಹಲಗೆಯ ಕೆಳಗಿನಿಂದ ಉದ್ದ ಸ್ಕ್ರೂ ನಾಲ್ಕು ಹಾಕಿ ಬಿಗಿಯಿರಿ, ಒಂದೇ ಹಾಕಿದರೆ ಕಂಬ ತಿರುಗುತ್ತದೆ. ಆಮೇಲೆ 8 ಮಿಲಿಮೀಟರ್ ದಪ್ಪದ ಕತ್ತಾಳೆ ಹಗ್ಗ. 80 ಸೆಂಟಿಮೀಟರ್ ಎತ್ತರಕ್ಕೆ ನೂರು ಸುತ್ತು, ಸುತ್ತಿಗೆ ಸುಮಾರು 34 ಸೆಂಟಿಮೀಟರ್, ಒಟ್ಟು 34 ಮೀಟರ್ ಆಯಿತು. 36 ತನ್ನಿ, ಕೊನೆಯಲ್ಲಿ ಗೇಣುದ್ದ ಸಾಲದೆ ಹೋದರೆ ಅಳು ಬರುತ್ತದೆ. ಕೆಳಗಿನಿಂದ ಶುರುಮಾಡಿ ಒಂದರ ಮೇಲೊಂದು ಒತ್ತಿ ಸುತ್ತುತ್ತಾ ಹೋಗಿ, ಐದಾರು ಸುತ್ತಿಗೊಮ್ಮೆ ಮರದ ಅಂಟು ಹಚ್ಚಿ. ಎರಡೂ ತುದಿಗೆ ಮೊಳೆ ಹೊಡೆದು, ಮೊಳೆಯ ತಲೆ ಹಗ್ಗದೊಳಗೆ ಹುದುಗುವ ಹಾಗೆ ಇಳಿಸಿ. ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ ಒಂದೆರಡು ದಿನ ಗಾಳಿಗಿಡಿ.

ಇಡುವ ಜಾಗ ಮುಖ್ಯ. ಮೂಲೆಯಲ್ಲಿ ಬಚ್ಚಿಡಬೇಡಿ, ಅದು ಈಗಾಗಲೇ ಪರಚುತ್ತಿರುವ ಸೋಫಾದ ಪಕ್ಕಕ್ಕೇ ಇಡಿ. ಕೈ ಹಿಡಿದು ಕಂಬಕ್ಕೆ ಉಜ್ಜಿಸಬೇಡಿ, ಅದಕ್ಕೆ ಅವಮಾನ. ಕಾಲೊರಸು ಪರಚುವ ಬೆಕ್ಕಿಗೆ ಇಷ್ಟೆಲ್ಲ ಬೇಕಿಲ್ಲ, ಹಲಗೆಗೆ ಹಗ್ಗ ಸುತ್ತಿ ನೆಲದ ಮೇಲೆ ಹಾಕಿದರೆ ಸಾಕು.

ತಿನ್ನೋದು, ತೊಡಿಸೋದು

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತೇವೆ, ಆದರೆ ದೊಡ್ಡದಾದ ಮೇಲೆ ಬಹಳಷ್ಟು ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಸಿಹಿಯ ರುಚಿಯಂತೂ ಬೆಕ್ಕಿನ ನಾಲಿಗೆಗೆ ಗೊತ್ತಾಗುವುದೇ ಇಲ್ಲ, ಹಾಗಾಗಿ ಕೇಕು ನಿಮಗೇ ಇರಲಿ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ವಿಷ. ದ್ರಾಕ್ಷಿಯೂ ಬೇಡ. ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿಯ ಎರಡು ಎಸಳು ಕೊಟ್ಟರೆ ಹಬ್ಬ ಆಗಿಹೋಯಿತು. ಇಂಥ ತಿಂಡಿಯೆಲ್ಲ ಸೇರಿ ದಿನದ ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ.

ಟಿಶ್ಯೂ ರೋಲಿನ ಕೊಳವೆಗೆ ಕಾಳು ಉದುರುವಷ್ಟು ತೂತು ಮಾಡಿ, ಒಳಗೆ ಒಣ ಆಹಾರ ಹಾಕಿ, ಎರಡು ತುದಿ ಮಡಚಿದರೆ ಉರುಳಿಸಿ ತಿನ್ನುವ ಆಟಿಕೆ ಸಿದ್ಧ. ಮೊದಲಿಗೆ ತೂತು ದೊಡ್ಡದಿರಲಿ, ಯಾಕೆಂದರೆ ಕಷ್ಟಪಟ್ಟು ತಿನ್ನುವುದು ಬೆಕ್ಕಿನ ಜಾಯಮಾನವಲ್ಲ. 2021ರಲ್ಲಿ ಡೇವಿಸ್ ಊರಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತಟ್ಟೆಯಲ್ಲೂ ಒಗಟಿನ ಆಟಿಕೆಯಲ್ಲೂ ಆಹಾರ ಇಟ್ಟು ನೋಡಿದಾಗ ಹೆಚ್ಚಿನ ಬೆಕ್ಕುಗಳು ತಟ್ಟೆಯ ಕಡೆಗೇ ಹೋದವು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಇಲಿಗಳು ಸಭೆ ಸೇರಿದ್ದವಲ್ಲ, ಆ ಕೆಲಸ ನೀವು ಮಾಡುವುದಿದ್ದರೆ ಎಲ್ಲಾದರೂ ಸಿಕ್ಕಿಕೊಂಡಾಗ ತಾನಾಗಿ ಬಿಚ್ಚಿಕೊಳ್ಳುವ ಕ್ಲಿಪ್ಪಿನ ಕೊರಳಪಟ್ಟಿಯನ್ನೇ ಆರಿಸಿ. ಅಂಗಿ, ಟೋಪಿ ಬೇಡ. ಯಾರಾದರೂ ನಿಮಗೆ ಹೂಗುಚ್ಛ ಕೊಟ್ಟರೆ ಅದರಲ್ಲಿ ಲಿಲ್ಲಿ ಇದೆಯಾ ನೋಡಿ. ಎಲೆ, ಹೂ, ಮೈಗಂಟಿದ ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಕಿಡ್ನಿ ಕೆಡಿಸುತ್ತವೆ. ಅಂಥದ್ದನ್ನು ಮನೆಯೊಳಗೇ ತರಬೇಡಿ.

ಕೊಡುವುದು ಹೇಗೆ

ಕೊಡಬೇಡಿ. ನೆಲದ ಮೇಲೆ ಇಟ್ಟು ನಿಮ್ಮ ಪಾಡಿಗೆ ಹೋಗಿ, ಅದೇ ಬಂದು ಮೂಸಲಿ. ಎಲ್ಲ ಆಟಿಕೆ ಒಟ್ಟಿಗೆ ಹೊರಗಿಡಬೇಡಿ. ಮೂರು ಹೊರಗಿರಲಿ, ಉಳಿದವು ಡಬ್ಬದಲ್ಲಿರಲಿ, ವಾರಕ್ಕೊಮ್ಮೆ ಬದಲಿಸಿ. ಒಂದೇ ಆಟಿಕೆ ಬೆಕ್ಕಿಗೆ ಬೇಗ ಬೇಜಾರಾಗುತ್ತದೆ, ವಾರ ಬಿಟ್ಟು ಬಂದರೆ ಹಳೆಯದೂ ಹೊಸದೇ.

ಒಲ್ಲೆ ಅಂದದ್ದನ್ನು ಎಸೆಯಲೂ ಬೇಡಿ. ಗುಂಡಿ ಇಲ್ಲದ ಎರಡನೇ ಇಲಿಯನ್ನು ಕರಿಯ ಮೂರು ವಾರ ಮುಟ್ಟಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಇಲಿ ನೀರಿನ ಬಟ್ಟಲಲ್ಲಿ ತೇಲುತ್ತಿತ್ತು. ಈಗ ದಿನಾ ಅದೇ ಕತೆ. ರಾತ್ರಿ ಹೊತ್ತುಕೊಂಡು ಬಂದು ಮುಳುಗಿಸುವುದು ಅವನ ಕೆಲಸ, ಬೆಳಿಗ್ಗೆ ಹಿಂಡಿ ಒಣಗಲು ಹಾಕುವುದು ನನ್ನದು.